ಗಾಣಕ್ಕೆ ಕೈ ಸಿಕ್ಕಿದಾಗ



ಆಲೆಮನೆಯಲ್ಲಿ ಎತ್ತು ಕಟ್ಟಿ ಗಾಣ ತಿರುಗಿಸುತ್ತಿದ್ದ ಕಾಲದಲ್ಲಿ ಬೆರಳು ಸಿಕ್ಕಿದವನು ಕೂಗಿಕೊಂಡರೆ ಎತ್ತು ನಿಲ್ಲುತ್ತಿತ್ತು. ಈಗಿನ ಗಾಣ ಮೋಟಾರಿನದು, ಇಲ್ಲವೆ ಎಂಜಿನ್ನಿನದು. ಅದಕ್ಕೆ ಕಿವಿಯಿಲ್ಲ.

ಒಂದು ಸಣ್ಣ ಲೆಕ್ಕ ನೋಡಿರಿ. ಒಂದು ಅಡಿ ಅಡ್ಡಳತೆಯ ಉರುಳೆ ನಿಮಿಷಕ್ಕೆ 10 ಸುತ್ತು ತಿರುಗಿದರೆ, ಅದರ ಮೈ ಸೆಕೆಂಡಿಗೆ ಅರ್ಧ ಅಡಿ ಸರಿಯುತ್ತದೆ. ನೋಡುವವರ ಕಣ್ಣಿಗೆ ಇದು ನಿಧಾನವೇ. ಆದರೆ ಬೆರಳ ತುದಿ ಸಿಕ್ಕಿದವನು ತಲೆಯೆತ್ತಿ ಸ್ವಿಚ್ಚಿನ ಕಡೆ ನೋಡುವಷ್ಟರಲ್ಲಿ ಅಂಗೈ ಒಳಗೆ ಹೋಗಿರುತ್ತದೆ. ಕಬ್ಬಿನ ತುಂಡು ಮೋಟಾದಷ್ಟೂ ಕೈ ಉರುಳೆಯ ಹತ್ತಿರ ಹೋಗುತ್ತದೆ. ರಾತ್ರಿಯ ಪಾಳಿ, ನಿದ್ದೆಗಣ್ಣು, ಹಾಲು ಹತ್ತಿ ಜಾರುವ ಕೈ, ಹೆಗಲಿಂದ ಇಳಿಬಿದ್ದ ಟವೆಲು, ಇಷ್ಟೇ ಸಾಕು.

ಕೈ ಸಿಕ್ಕಿತೆನ್ನಿ. ಮೊದಲು ಗಾಣ ನಿಲ್ಲಿಸಿರಿ. ಆಮೇಲೆ ಎಲ್ಲರೂ ಮಾಡುವ ತಪ್ಪೊಂದಿದೆ: ನಾಲ್ಕು ಜನ ಸೇರಿ ಕೈಯನ್ನು ಎಳೆಯುವುದು. ಎಳೆದರೆ ಕಾಲುಚೀಲ ಕಳಚಿದ ಹಾಗೆ ಚರ್ಮ ಕಳಚಿ ಬರುತ್ತದೆ. ನರಗಳೂ ರಕ್ತನಾಳಗಳೂ ಬುಡಸಹಿತ ಕಿತ್ತುಹೋಗುತ್ತವೆ. ಗಾಣವನ್ನು ಹಿಂದಕ್ಕೆ ತಿರುಗಿಸಿದರೆ ಕೈಯನ್ನು ಎರಡನೆಯ ಸಲ ಅರೆದಂತೆ. ಉರುಳೆಯನ್ನು ಬಿಗಿದ ತಿರುಪು ಸಡಿಲಿಸಿ, ಸಂದು ಅಗಲವಾದ ಮೇಲೆ ಕೈ ತೆಗೆಯಬೇಕು. ಆದಕಾರಣ ಆ ತಿರುಪಿಗೆ ಹೊಂದುವ ಸ್ಪ್ಯಾನರು ಗಾಣದ ಪಕ್ಕದ ಕಂಬದಲ್ಲೇ ಸದಾ ತೂಗುತ್ತಿರಲಿ. ಯಜಮಾನರ ಮನೆಯ ಪೆಟ್ಟಿಗೆಯಲ್ಲಿದ್ದರೆ ಆ ಹೊತ್ತಿಗೆ ಅದು ಇಲ್ಲದಂತೆಯೇ.

ರಕ್ತ ಹರಿಯುತ್ತಿದ್ದರೆ ಶುಭ್ರವಾದ ಬಟ್ಟೆಯನ್ನು ಗಾಯದ ಮೇಲಿಟ್ಟು ಬಲವಾಗಿ ಒತ್ತಿಹಿಡಿಯಿರಿ. ಕಾಫಿಪುಡಿ, ಅರಿಶಿನ, ಸುಣ್ಣ, ಸಗಣಿ ಯಾವುದೂ ಬೇಡ. ಆಸ್ಪತ್ರೆಯಲ್ಲಿ ಅದನ್ನು ತೊಳೆದು ತೆಗೆಯುವುದೇ ಒಂದು ಕೆಲಸವಾಗುತ್ತದೆ. ಉಂಗುರ, ಬಳೆ, ಗಡಿಯಾರಗಳನ್ನು ಊತ ಬರುವ ಮೊದಲೇ ತೆಗೆಯಿರಿ. ಒತ್ತಿದರೂ ರಕ್ತ ಚಿಮ್ಮುತ್ತಲೇ ಇದ್ದರೆ ಮಾತ್ರ ಗಾಯಕ್ಕಿಂತ ಎರಡು ಮೂರು ಅಂಗುಲ ಮೇಲೆ ಅಗಲವಾದ ಪಟ್ಟಿಯನ್ನು ಬಿಗಿದು, ಬಿಗಿದ ಹೊತ್ತನ್ನು ಬರೆದಿಡಿ. ತಂತಿ ಹುರಿಗಳನ್ನು ಕಟ್ಟಬಾರದು. ಬಾಯಿಗೆ ಊಟ ಕಾಫಿ ಕೊಡಬೇಡಿ. ಶಸ್ತ್ರಕ್ರಿಯೆಗೆ ಮತ್ತು ಬರುವ ಔಷಧಿ ಕೊಡಲು ಹೊಟ್ಟೆ ಬರಿದಾಗಿರಬೇಕು.

ಬೆರಳು ತುಂಡಾಗಿ ಬಿದ್ದಿದ್ದರೆ ಅದನ್ನು ಹುಡುಕಿ ತನ್ನಿ. "ಇನ್ನೇನು ಪ್ರಯೋಜನ" ಎಂದು ಸಿಪ್ಪೆಯ ಜೊತೆಗೆ ಬಿಟ್ಟುಬಂದರೆ ವೈದ್ಯರ ಕೈಯಲ್ಲೂ ಏನೂ ಉಳಿಯುವುದಿಲ್ಲ. 1963ರಲ್ಲಿ ಚೀನಾದ ಶಾಂಘೈ ನಗರದಲ್ಲಿ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಕಾರ್ಮಿಕನೊಬ್ಬನ ಬಲಗೈ ತುಂಡಾಗಿಹೋಯಿತು. ಚೆನ್ ಝೋಂಗ್‌ವೇ ಮತ್ತು ಅವರ ಜೊತೆಯ ವೈದ್ಯರು ಅದನ್ನು ಮರಳಿ ಜೋಡಿಸಿದರು. ಕೈ ಮತ್ತೆ ಕೆಲಸಕ್ಕೆ ಬಂತು. 1965ರಲ್ಲಿ ಜಪಾನಿನ ಕೊಮಾತ್ಸು ಮತ್ತು ತಮಾಯ್ ಎಂಬ ವೈದ್ಯರು ಪೂರ್ತಿ ಕತ್ತರಿಸಿಹೋದ ಹೆಬ್ಬೆರಳನ್ನು ಸೂಕ್ಷ್ಮದರ್ಶಕದ ಕೆಳಗೆ ಹೊಲಿದು ಉಳಿಸಿದರು. ಬೆರಳಿನ ರಕ್ತನಾಳದ ದಪ್ಪ ಸುಮಾರು ಒಂದು ಮಿಲಿಮೀಟರು. ಅದನ್ನು ಹೊಲಿಯುವ ದಾರ ತಲೆಗೂದಲಿಗಿಂತ ಸಣ್ಣದು. ಇಂತಹ ವಿದ್ಯೆ ಬಲ್ಲವರು ಈಗ ನಮ್ಮ ದೊಡ್ಡ ನಗರಗಳಲ್ಲೂ ಇದ್ದಾರೆ.

ತುಂಡನ್ನು ಒಯ್ಯುವ ಕ್ರಮ ಹೀಗೆ. ಮಣ್ಣಿದ್ದರೆ ಶುದ್ಧ ನೀರನ್ನು ಮೆಲ್ಲಗೆ ಹೊಯ್ದು ತೊಳೆಯಿರಿ, ಉಜ್ಜಬೇಡಿ. ಒದ್ದೆ ಮಾಡಿ ಹಿಂಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಬಿಗಿಯಾಗಿ ಕಟ್ಟಿ. ಆ ಚೀಲವನ್ನು ಮಂಜುಗಡ್ಡೆ ಬೆರೆತ ನೀರಿನ ಪಾತ್ರೆಯಲ್ಲಿಡಿ. ಮಂಜುಗಡ್ಡೆಗೆ ಬೆರಳು ನೇರವಾಗಿ ತಾಗಕೂಡದು. ತಾಗಿದರೆ ಹೆಪ್ಪುಗಟ್ಟಿ ಸಾಯುತ್ತದೆ. ಮಂಜುಗಡ್ಡೆ ಎಲ್ಲಿಂದ ತರುವುದೆಂದು ಕೇಳಬಹುದು. ತಂಪುಪಾನೀಯ ಮಾರುವ ಅಂಗಡಿ ಈಗ ಯಾವ ಊರಿನಲ್ಲಿಲ್ಲ? ತಣ್ಣಗಿಟ್ಟ ಬೆರಳು 24 ಗಂಟೆಯವರೆಗೂ ಜೋಡಣೆಗೆ ಯೋಗ್ಯವಾಗಿ ಉಳಿಯಬಹುದು; ಹಾಗೆಯೇ ಬಿಟ್ಟರೆ 12 ಗಂಟೆ ದಾಟುವುದು ಕಷ್ಟ. ಮುಂಗೈಯೇ ತುಂಡಾಗಿದ್ದರೆ ಅಷ್ಟು ಅವಕಾಶವಿಲ್ಲ. ಅಲ್ಲಿ ಮಾಂಸಖಂಡ ಹೆಚ್ಚು. ರಕ್ತ ಸಿಗದ ಮಾಂಸಖಂಡ ಸುಮಾರು 6 ಗಂಟೆಯಲ್ಲಿ ಸಾಯತೊಡಗುತ್ತದೆ.

ಎಲ್ಲ ಬೆರಳೂ ಕೂಡುತ್ತದೆಂದು ಹೇಳಿದರೆ ಸುಳ್ಳಾಗುತ್ತದೆ. ಮೇವು ಕತ್ತರಿಸುವ ಯಂತ್ರದ ಅಲಗಿನಿಂದ ನೇರವಾಗಿ ಕಡಿದುಹೋದದ್ದು ಕೂಡುವ ಸಂಭವ ಹೆಚ್ಚು. ಗಾಣದಲ್ಲಿ ನುಜ್ಜುಗುಜ್ಜಾದದ್ದು ಕೂಡುವುದು ಕಡಮೆ. ಆದರೆ ಯಾವುದು ಕೂಡುತ್ತದೆ ಎಂಬುದನ್ನು ವೈದ್ಯರು ತೀರ್ಮಾನಿಸಲಿ, ಗಾಣದ ಮುಂದೆ ನಿಂತವರಲ್ಲ.

ಇನ್ನೊಂದು ಪೆಟ್ಟು ಇದಕ್ಕಿಂತ ಮೋಸದ್ದು. ಕೈ ಜಜ್ಜಿದೆ, ಚರ್ಮ ಹರಿದಿಲ್ಲ, ಮೂಳೆ ಮುರಿದಂತೆ ಕಾಣುವುದಿಲ್ಲ. "ಸದ್ಯ, ಉಳಿಯಿತು" ಎಂದು ಮನೆಗೆ ಹೋಗುತ್ತಾರೆ. ಒಳಗೆ ರಕ್ತ ಸೋರಿ ಮಾಂಸ ಊದಿಕೊಳ್ಳುತ್ತದೆ. ಮೇಲಿನ ಗಟ್ಟಿಪೊರೆ ಹಿಗ್ಗುವುದಿಲ್ಲ. ಒತ್ತಡ ಏರಿ ರಕ್ತದ ಓಟವೇ ನಿಲ್ಲುತ್ತದೆ. ಪೆಟ್ಟಿಗೆ ಮೀರಿದ ನೋವು, ಕೈ ಕಲ್ಲಿನಂತೆ ಬಿಗಿಯುವುದು, ಬೆರಳನ್ನು ಬೇರೆಯವರು ಮೆಲ್ಲಗೆ ನೀಡಿದರೂ ಪ್ರಾಣ ಹೋಗುವಂತಾಗುವುದು, ಜೋಮು, ಇವು ಅದರ ಗುರುತು. ಆಗ ಎಣ್ಣೆ ನೀವಿ ಬಿದಿರುದಬ್ಬೆ ಬಿಗಿದು ಕಟ್ಟಿದರೆ ಒತ್ತಡ ಇನ್ನೂ ಏರುತ್ತದೆ. ಕಟ್ಟಿದ್ದನ್ನೆಲ್ಲ ಸಡಿಲಿಸಿ, ಕೈಯನ್ನು ಎದೆಯ ಮಟ್ಟದಲ್ಲಿರಿಸಿ, ರಾತ್ರಿಯೇ ಆಗಲಿ, ಆಸ್ಪತ್ರೆಗೆ ಒಯ್ಯಬೇಕು. ವೈದ್ಯರು ಚರ್ಮವನ್ನೂ ಪೊರೆಯನ್ನೂ ಉದ್ದಕ್ಕೆ ಸೀಳಿ ಒತ್ತಡ ಬಿಡಿಸುತ್ತಾರೆ. ಈ ಸೀಳಿಗೆ ಹೆದರಿ ಬೆಳಗಿನವರೆಗೆ ಕಾದರೆ ಕೈ ಮುದುಡಿ ಶಾಶ್ವತವಾಗಿ ಸೊಟ್ಟಗಾಗಬಹುದು.

ಕೈಗೆ ಕಾನೂನು ಕಟ್ಟಿದ ಬೆಲೆಯನ್ನೂ ತಿಳಿದಿರುವುದು ಮೇಲು. 1923ರ ಕಾರ್ಮಿಕರ ಪರಿಹಾರ ಕಾಯಿದೆಯ ಪಟ್ಟಿ ತೋರುಬೆರಳು ಪೂರ್ತಿ ಹೋದರೆ ದುಡಿಮೆಯ ಶಕ್ತಿಯಲ್ಲಿ ನೂರಕ್ಕೆ 14 ಹೋಯಿತೆಂದು, ಹೆಬ್ಬೆರಳು ಹೋದರೆ ನೂರಕ್ಕೆ 30 ಹೋಯಿತೆಂದು ಎಣಿಸಿತ್ತು. ಕುಡುಗೋಲು ಹಿಡಿದವರಿಗೆ ಕಾರಣ ಬಿಡಿಸಿ ಹೇಳಬೇಕಾಗಿಲ್ಲ. ಆ ಕಾಯಿದೆಯ ಜಾಗಕ್ಕೆ ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಕೂಲಿಯಾಳಿಗೆ ಪೆಟ್ಟಾದರೆ ಯಾವ ಯಂತ್ರ, ಯಾರ ಕೆಲಸ, ಎಷ್ಟು ಗಂಟೆಗೆ ಎಂಬುದನ್ನು ಆಸ್ಪತ್ರೆಯ ದಾಖಲೆಯಲ್ಲಿ ನಿಜವಾಗಿ ಬರೆಸಿರಿ. "ಬಿದ್ದು ಪೆಟ್ಟಾಯಿತು" ಎಂದು ಬರೆಸಿದರೆ ಮುಂದೆ ಆತನಿಗೆ ಪರಿಹಾರ ಕೇಳುವ ದಾರಿ ಕಷ್ಟವಾಗುತ್ತದೆ.

ಹೊರಡುವಾಗ 108ಕ್ಕೆ ಫೋನು ಮಾಡಿ. ತಾಲ್ಲೂಕು ಆಸ್ಪತ್ರೆಗೆ ಮುಂಚಿತವಾಗಿಯೇ ಸುದ್ದಿ ಮುಟ್ಟಿಸಿ, ಕೈ ಜೋಡಿಸುವ ವೈದ್ಯರು ಎಲ್ಲಿದ್ದಾರೆಂದು ಕೇಳಿರಿ. ಧನುರ್ವಾಯುವಿನ ಚುಚ್ಚುಮದ್ದು ಹಿಂದೆ ಯಾವಾಗ ಹಾಕಿಸಿದ್ದೆಂಬುದೂ ಜೊತೆಗೆ ಹೋದವರಿಗೆ ಗೊತ್ತಿರಲಿ. ಅಲ್ಲಿ ಅದನ್ನು ಕೇಳುತ್ತಾರೆ.