ಪಂದ್ಯದ ಮೇಜಿನ ಮರ್ಯಾದೆಗಳು

ಚದುರಂಗವು ನಮ್ಮ ಮನೆಗಳಿಗೆ ಹೊಸದಲ್ಲ. ಆಟಿ ತಿಂಗಳ ಮಳೆಯಲ್ಲಿ ಚೆನ್ನೆಮಣೆಯ ಪಕ್ಕದಲ್ಲಿಯೇ ಚದುರಂಗದ ಮಣೆಯೂ ಚಾವಡಿಗೆ ಬರುತ್ತದೆ. ಅಲ್ಲಿ ಆಡುವವರು ಇಬ್ಬರು, ಆಡಿಸುವವರು ಹತ್ತು ಮಂದಿ. "ಕುದುರೆ ನಡೆಸು" ಎಂದು ಒಬ್ಬರು, "ಆನೆ ಹೋಯಿತು ನೋಡು" ಎಂದು ಇನ್ನೊಬ್ಬರು. ಇಟ್ಟ ಕಾಯಿಯನ್ನು ಹಿಂದೆಗೆಯುವುದಕ್ಕೂ ಅಡ್ಡಿಯಿಲ್ಲ. ಮನೆಯ ಆಟಕ್ಕೆ ಇದು ಶೋಭೆಯೇ. ಆದರೆ ಈ ಅಭ್ಯಾಸವನ್ನೇ ಹೊತ್ತು ಪಂದ್ಯಕ್ಕೆ ಹೋದ ಬಾಲಕನು, ಆಟ ಚೆನ್ನಾಗಿ ಬಲ್ಲವನಾದರೂ, ಆಟಕ್ಕೆ ಸಂಬಂಧಿಸದ ಕಾರಣದಿಂದ ಸೋತು ಬರುವುದುಂಟು. ಆದುದರಿಂದ ಪಂದ್ಯದ ಕಟ್ಟಳೆಗಳ ವಿಷಯವಾಗಿ ಕೆಲವು ಮಾತುಗಳನ್ನು ಬರೆಯುತ್ತಿದ್ದೇವೆ.

1924ರಲ್ಲಿ ಪ್ಯಾರಿಸ್ ನಗರದಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಚದುರಂಗ ಒಕ್ಕೂಟದ, ಎಂದರೆ ಫಿಡೆಯ, ನಿಯಮಗಳೇ ಇಂದು ಪಂದ್ಯಗಳಿಗೆ ಆಧಾರ. ಎದುರಾಳಿಯ ಚಿತ್ತವನ್ನು ಯಾವ ಬಗೆಯಲ್ಲಿಯೂ ಕೆಡಿಸಕೂಡದೆಂದು ಅವು ವಿಧಿಸುತ್ತವೆ. ಗದ್ದಲ ಮಾತ್ರವೇ ದೋಷವಲ್ಲ; ಆಟವನ್ನು ಸಮವೆಂದು ಒಪ್ಪಿಕೊಳ್ಳಿರೆಂದು ಕಾರಣವಿಲ್ಲದೆ ಮತ್ತೆ ಮತ್ತೆ ಕೇಳುವುದೂ ಹುರುಳಿಲ್ಲದ ತಕರಾರುಗಳನ್ನು ಎತ್ತುವುದೂ ಅದರಲ್ಲಿ ಸೇರುತ್ತವೆ. ಸಮ ಮಾಡಿಕೊಳ್ಳುವ ಮಾತಿಗೆ ಕ್ರಮವೊಂದಿದೆ: ತನ್ನ ನಡೆಯನ್ನು ನಡೆಸಿ, ಕೇಳಿ, ಅನಂತರ ಗಡಿಯಾರವನ್ನು ಒತ್ತಬೇಕು. ಒತ್ತುವುದು ಕಾಯಿ ನಡೆಸಿದ ಕೈಯಿಂದಲೇ, ಗುದ್ದುವಂತಿಲ್ಲ.

ಮಕ್ಕಳಿಗೆ ಅತ್ಯಂತ ಕಷ್ಟವಾದುದು ಮುಟ್ಟಿದ ಕಾಯಿಯ ನಿಯಮ. ತನ್ನ ಸರದಿಯಲ್ಲಿ ಬೇಕೆಂದೇ ಮುಟ್ಟಿದ ಕಾಯಿಯನ್ನು, ನಡೆಸಲು ಸಾಧ್ಯವಿದ್ದರೆ, ನಡೆಸಲೇಬೇಕು. ಎದುರಾಳಿಯ ಕಾಯಿಯನ್ನು ಮುಟ್ಟಿದರೆ ಸಾಧ್ಯವಿದ್ದಷ್ಟಕ್ಕೆ ಅದನ್ನು ಹೊಡೆಯಲೇಬೇಕು. ಮನೆಯ ನಡುವೆ ಸರಿಯಾಗಿ ನಿಲ್ಲದ ಕಾಯಿಯನ್ನು ನೆಟ್ಟಗಿಡಬೇಕಾದರೆ ತನ್ನ ಸರದಿಯಲ್ಲಿ, ಸರಿಪಡಿಸುತ್ತೇನೆಂದು ಮುಂಚಿತವಾಗಿ ತಿಳಿಸಿ, ಕೈಯಿಡಬೇಕು. ಇದಕ್ಕೆ 'ಜಾದೂಬ್' ಎಂಬ ಫ್ರೆಂಚ್ ಮಾತು ಹಲವು ದೇಶಗಳಲ್ಲಿ ಬಳಕೆಯಲ್ಲಿದೆ. ಮುಟ್ಟಿದ ಮೇಲೆ ಹೇಳಿದ ಜಾದೂಬ್ ಯಾರನ್ನೂ ಉಳಿಸದು! ಯೋಚಿಸುವಾಗ ಕೈಗಳನ್ನು ತೊಡೆಯ ಮೇಲಿಟ್ಟು ಕುಳಿತುಕೊಳ್ಳುವುದೇ ಉತ್ತಮ ಉಪಾಯವೆಂದು ನಮ್ಮ ಅಭಿಪ್ರಾಯ.

ಇನ್ನು ಮೊಬೈಲ್ ಫೋನಿನ ವಿಚಾರ. 2003ರ ಅಕ್ಟೋಬರ್ ತಿಂಗಳಲ್ಲಿ ಬಲ್ಗೇರಿಯಾದ ಪ್ಲೋವ್‌ಡಿವ್ ನಗರದಲ್ಲಿ ಯುರೋಪಿನ ತಂಡಗಳ ಪಂದ್ಯಾವಳಿ ನಡೆಯಿತು. ಆಗ ಫಿಡೆಯ ವಿಶ್ವವಿಜೇತನಾಗಿದ್ದ ಉಕ್ರೇನಿನ ರುಸ್ಲಾನ್ ಪೊನೊಮರಿಯೊವ್, ಸ್ವೀಡನ್ನಿನ ಎವ್ಗೆನಿ ಅಗ್ರೆಸ್ಟ್ ಎಂಬವರ ಎದುರು ಆಡುತ್ತಿರುವಾಗ ಅವನ ಫೋನು ಮೊಳಗಿತು. ಅಂದು ಅವನ ಇಪ್ಪತ್ತನೆಯ ಹುಟ್ಟುಹಬ್ಬ. ವಿಶ್ವವಿಜೇತನೆಂಬ ದಾಕ್ಷಿಣ್ಯವೂ ಒದಗಲಿಲ್ಲ. ಆಟವು ಅಲ್ಲಿಗೇ ಸೋಲೆಂದು ಬರೆಯಲ್ಪಟ್ಟಿತು. ಅಂದಿನಿಂದ ಯಂತ್ರಗಳ ಬಲ ಬಹಳ ಹೆಚ್ಚಿದೆ. ಅಂಗೈಯಗಲದ ಫೋನು ಇಂದು ಯಾವ ಪಂಡಿತನಿಗಿಂತಲೂ ಚೆನ್ನಾಗಿ ಚದುರಂಗ ಬಲ್ಲದು. ಆದುದರಿಂದಲೇ ನಿಯಮವು ಇಂದು ಸದ್ದಿಗೆ ಹೆದರುವುದಕ್ಕಿಂತ ಮೋಸಕ್ಕೆ ಹೆಚ್ಚು ಹೆದರುತ್ತದೆ. ತೀರ್ಪುಗಾರರ ಅನುಮತಿಯಿಲ್ಲದೆ ಫೋನನ್ನು ಬಳಿಯಲ್ಲಿಟ್ಟುಕೊಳ್ಳುವುದೇ ಅಪರಾಧ.

ನಿಯಮ ಪುಸ್ತಕದ ಒಂದು ಸಾಲಿನಲ್ಲಿ ಹಿಡಿಯಲಾಗದ ಉಪದ್ರವಗಳೂ ಇವೆ. ಮಿಖಾಯಿಲ್ ತಾಲ್ ಎಂಬ ಮಹಾ ಆಟಗಾರನ ನೆಟ್ಟ ನೋಟಕ್ಕೆ ಬೇಸತ್ತು, 1959ರ ಪಂದ್ಯಾವಳಿಯಲ್ಲಿ ಪಾಲ್ ಬೆಂಕೊ ಕಪ್ಪು ಕನ್ನಡಕ ಧರಿಸಿ ಬಂದನು. ತಾಲನೂ ತನ್ನ ಗೆಳೆಯ ಪೆಟ್ರೋಸಿಯನ್ನನಿಂದ ದೊಡ್ಡದೊಂದು ಕಪ್ಪು ಕನ್ನಡಕವನ್ನು ಎರವಲು ಪಡೆದು ಏರಿಸಿಕೊಂಡನು! ನಗೆ ತರಿಸುವ ಕಥೆಯೇ. ಆದರೆ ಮೇಜಿನಡಿಯಲ್ಲಿ ಕಾಲಾಡಿಸುವವನ, ಪೆನ್ನನ್ನು ಟಕಟಕನೆ ಒತ್ತುವವನ ಎದುರು ಕುಳಿತ ಹತ್ತು ವರ್ಷದ ಹುಡುಗಿಗೆ ನಗು ಬಾರದು. ಅವಳೇನು ಮಾಡಬೇಕು? ಜಗಳವಾಡಬೇಕಾಗಿಲ್ಲ, ಸಹಿಸಿಕೊಂಡು ಸೋಲಬೇಕಾಗಿಯೂ ಇಲ್ಲ. ಗಡಿಯಾರವನ್ನು ನಿಲ್ಲಿಸಿ, ತೀರ್ಪುಗಾರರನ್ನು ಕರೆದು, ನಡೆದುದನ್ನು ಮೆಲುದನಿಯಲ್ಲಿ ತಿಳಿಸಬಹುದು. ಇದು ಚಾಡಿಯಲ್ಲ, ಆಟಗಾರರಿಗಿರುವ ಹಕ್ಕು. ಸಂಕೋಚದ ಸ್ವಭಾವದ ಮಕ್ಕಳಿಗೆ ಇದನ್ನು ಮನೆಯಲ್ಲಿಯೇ ಹೇಳಿಕೊಟ್ಟಿರಬೇಕು.

ಪೋಷಕರಿಗೂ ಒಂದು ಮಾತು. ನೋಡಲು ನಿಂತವರು ನಡೆಯುತ್ತಿರುವ ಆಟದ ವಿಷಯ ಮಾತನಾಡಕೂಡದು. ತಪ್ಪು ಕಂಡರೆ ತೀರ್ಪುಗಾರರಿಗೆ ಮಾತ್ರ ತಿಳಿಸಬಹುದು. ತನ್ನ ಆಟ ಮುಗಿಸಿದ ಹುಡುಗನೂ ಆಗಿನಿಂದ ನೋಡುಗನೇ. ತಂದೆತಾಯಂದಿರ ಹುಬ್ಬಿನ ಚಲನೆಯನ್ನೂ ಮಕ್ಕಳು ಓದಬಲ್ಲರು, ಎದುರಾಳಿಯ ಮನೆಯವರು ಅದನ್ನು ಸನ್ನೆಯೆಂದು ಶಂಕಿಸಿದರೆ ಮಗುವಿಗೇ ಅಪವಾದ. ಹೀಗಾಗಿ ಹೊರಗಡೆ ಮರದ ನೆರಳಿನಲ್ಲಿ ಕುಳಿತಿರುವುದು ಇಬ್ಬರಿಗೂ ಕ್ಷೇಮ. ತನ್ನ ಸರದಿಯಿರುವಾಗ ಅನುಮತಿಯಿಲ್ಲದೆ ಆಟದ ಜಾಗದಿಂದ ಏಳುವಂತಿಲ್ಲವಾದುದರಿಂದ, ನೀರು ಕುಡಿಸುವುದು, ಶೌಚಕ್ಕೆ ಕಳುಹಿಸುವುದು ಮೊದಲಾದವೆಲ್ಲ ಗಡಿಯಾರ ಹೊರಡುವ ಮುನ್ನವೇ ಮುಗಿದಿರಲಿ. ನಡೆಗಳನ್ನು ಬರೆಯಲು ಎರಡು ಪೆನ್ನುಗಳನ್ನು ಕೊಟ್ಟು ಕಳುಹಿಸಿರಿ. ಫೋನು ನಿಮ್ಮ ಬಳಿಯಲ್ಲಿಯೇ ಉಳಿಯಲಿ.