ಕಾರಿನ ವಿಮೆ: ಮನೆಯೊಡತಿಗೂ ತಿಳಿದಿರಲಿ

ಮನೆಗೊಂದು ಕಾರು ಬಂತೆಂದರೆ ಸಡಗರವೋ ಸಡಗರ. ಪೂಜೆ ಮಾಡಿಸಿ, ಚಕ್ರದಡಿ ನಿಂಬೆಹಣ್ಣು ಇಟ್ಟು, ಅಕ್ಕಪಕ್ಕದವರಿಗೆಲ್ಲ ಸಿಹಿ ಹಂಚುತ್ತೇವೆ. ಆದರೆ ಕಾರಿನ ಜೊತೆಗೇ ಬಂದ ವಿಮೆಯ ಕಾಗದವನ್ನು ನಮ್ಮಲ್ಲಿ ಎಷ್ಟು ಜನ ಬಿಡಿಸಿ ಓದಿದ್ದೇವೆ? "ಅದೆಲ್ಲ ಯಜಮಾನರಿಗೆ ಗೊತ್ತು" ಎಂದು ಬೀರುವಿನಲ್ಲಿ ಇಟ್ಟುಬಿಡುತ್ತೇವೆ. ಯಜಮಾನರನ್ನು ಕೇಳಿದರೆ "ಷೋರೂಮಿನವರೇ ಮಾಡಿಕೊಟ್ಟಿದ್ದಾರೆ ಕಣೇ" ಅಂತಾರೆ. ಸೊಪ್ಪಿನವಳ ಹತ್ತಿರ ಎರಡು ರೂಪಾಯಿಗೆ ಚೌಕಾಸಿ ಮಾಡುವ ನಾವು ವರ್ಷಕ್ಕೆ ಎಂಟು ಹತ್ತು ಸಾವಿರ ಕಟ್ಟುವಾಗ ಮಾತ್ರ ಯಾತಕ್ಕೆ ಎಂದು ಕೇಳುವುದಿಲ್ಲ. ಇದೇನೂ ಬ್ರಹ್ಮವಿದ್ಯೆಯಲ್ಲ. ದಿನಸಿ ಚೀಟಿ ಓದಲು ಬರುವವರಿಗೆ ಇದೂ ಬರುತ್ತದೆ.

ಎರಡು ಬಗೆಯ ವಿಮೆ

ಮೊದಲನೆಯದು 'ಥರ್ಡ್ ಪಾರ್ಟಿ' ವಿಮೆ. ನಮ್ಮ ಕಾರಿನಿಂದ ರಸ್ತೆಯಲ್ಲಿ ಹೋಗುವ ಬೇರೊಬ್ಬರಿಗೆ ಪೆಟ್ಟಾದರೆ, ಸಾವು ಸಂಭವಿಸಿದರೆ, ನ್ಯಾಯಮಂಡಳಿ ಎಷ್ಟು ಪರಿಹಾರ ಗೊತ್ತುಮಾಡುತ್ತದೋ ಅಷ್ಟನ್ನು ಕಂಪನಿ ಕೊಡುತ್ತದೆ. ಅವರ ಗಾಡಿಗೆ, ಗೋಡೆಗೆ ಹಾನಿಯಾದರೆ 7.5 ಲಕ್ಷ ರೂಪಾಯಿವರೆಗೆ ಕೊಡುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಈ ವಿಮೆ ಕಡ್ಡಾಯ. ಇಲ್ಲದೆ ಸಿಕ್ಕಿಬಿದ್ದರೆ ಮೊದಲ ಸಲ 2,000 ರೂಪಾಯಿ ದಂಡ, ಇಲ್ಲವೇ ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ. ಆದರೆ ಇದರಲ್ಲಿ ನಮ್ಮ ಕಾರಿನ ರಿಪೇರಿಗೆ ಒಂದು ಪೈಸೆಯೂ ಬರುವುದಿಲ್ಲ.

ಎರಡನೆಯದು ಜನ 'ಫುಲ್ ಇನ್ಶೂರೆನ್ಸ್' ಎನ್ನುವ ಪ್ಯಾಕೇಜ್ ಪಾಲಿಸಿ. ಇದರಲ್ಲಿ ಥರ್ಡ್ ಪಾರ್ಟಿಯೂ ಸೇರಿರುತ್ತದೆ. ಅದರ ಜೊತೆಗೆ ನಮ್ಮ ಕಾರಿಗೆ ಅಪಘಾತ, ಕಳವು, ಬೆಂಕಿ, ನೆರೆ, ಮರ ಬೀಳುವುದು, ದೊಂಬಿ ಇವುಗಳಿಂದ ಆಗುವ ನಷ್ಟವನ್ನೂ ಕಂಪನಿ ತುಂಬಿಕೊಡುತ್ತದೆ.

ಒಳಗೆ ಕೂತವರ ಗತಿಯೇನು?

ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಯಾಕೆಂದರೆ ಎಲ್ಲರೂ ತಪ್ಪು ತಿಳಿದಿರುವುದು ಇಲ್ಲೇ.

ನಮ್ಮ ಬೀದಿಯ ಒಂದು ಸಂಸಾರದವರ ಕಾರು ಹಳೆಯದು. "ಇದಕ್ಕೆ ಯಾಕೆ ದುಡ್ಡು ದಂಡ" ಎಂದು ಬರೀ ಥರ್ಡ್ ಪಾರ್ಟಿ ಮಾಡಿಸಿದ್ದರು. ಮದುವೆ ಮುಗಿಸಿ ರಾತ್ರಿ ಬರುವಾಗ ಕಾರು ರಸ್ತೆ ಬಿಟ್ಟು ಮೋರಿಗೆ ಇಳಿಯಿತು. ಎದುರಿಗೆ ಬೇರೆ ಗಾಡಿ ಇರಲಿಲ್ಲ. ಹಿಂದೆ ಕೂತಿದ್ದ ಅವರ ಅತ್ತಿಗೆಗೆ ಸೊಂಟದ ಮೂಳೆ ಮುರಿದು ಎರಡು ಆಪರೇಷನ್ ಆಯಿತು. "ವಿಮೆ ಇದೆಯಲ್ಲ, ಬರುತ್ತೆ ಬಿಡಿ" ಎಂದೇ ಎಲ್ಲರೂ ಅಂದುಕೊಂಡಿದ್ದರು. ಬರಲಿಲ್ಲ. ಖಾಸಗಿ ಕಾರಿಗೆ ಬರೀ ಥರ್ಡ್ ಪಾರ್ಟಿ ವಿಮೆ ಇದ್ದರೆ ಅದರೊಳಗೆ ಕೂತ ನೆಂಟರಿಷ್ಟರು 'ಥರ್ಡ್ ಪಾರ್ಟಿ' ಲೆಕ್ಕಕ್ಕೆ ಸೇರುವುದಿಲ್ಲ. ಪ್ಯಾಕೇಜ್ ಪಾಲಿಸಿ ಇದ್ದರೆ ಒಳಗಿನ ಪ್ರಯಾಣಿಕರ ಹೊಣೆಯೂ ಕಂಪನಿಯದೇ. ವಿಮಾ ನಿಯಂತ್ರಣ ಪ್ರಾಧಿಕಾರ 2009ರಲ್ಲಿ, ಸುಪ್ರೀಂ ಕೋರ್ಟು 2012ರಲ್ಲಿ ಇದನ್ನು ಸ್ಪಷ್ಟಪಡಿಸಿವೆ. ಬೇರೆ ಗಾಡಿಯವರ ತಪ್ಪಿನಿಂದ ಅಪಘಾತವಾಗಿದ್ದರೆ ಆ ಗಾಡಿಯ ವಿಮೆಯಿಂದ ಪರಿಹಾರ ಕೇಳಬಹುದು. ನಮ್ಮದೇ ಗಾಡಿ ತಾನಾಗಿ ಉರುಳಿದರೆ ಯಾರನ್ನು ಕೇಳುವುದು?

ಬರೀ ಥರ್ಡ್ ಪಾರ್ಟಿ ಮಾಡಿಸಿ ಮಕ್ಕಳು, ವಯಸ್ಸಾದ ಅತ್ತೆ ಮಾವ ಎಲ್ಲರನ್ನೂ ಕೂರಿಸಿಕೊಂಡು ಧರ್ಮಸ್ಥಳಕ್ಕೋ ಶೃಂಗೇರಿಗೋ ಹೊರಡುವವರು ಈ ಮಾತನ್ನು ನೆನಪಿಡಬೇಕು. ಉಳಿತಾಯವಾಗುವುದು ಕೆಲವು ಸಾವಿರ. ಪಣಕ್ಕಿಟ್ಟಿರುವುದು ಮನೆಮಂದಿಯನ್ನು.

ಇನ್ನೊಂದು ವಿಷಯ. ಪಾಲಿಸಿಯಲ್ಲಿ 'ಮಾಲೀಕ-ಚಾಲಕರ ಅಪಘಾತ ವಿಮೆ' ಎಂದು 15 ಲಕ್ಷ ರೂಪಾಯಿಯದೊಂದು ಬಾಬ್ತು ಇರುತ್ತದೆ. ಸಾವು ಅಥವಾ ಶಾಶ್ವತ ಅಂಗವೈಕಲ್ಯ ಆದರೆ ಮಾತ್ರ ಇದು ಸಿಗುತ್ತದೆ, ಆಸ್ಪತ್ರೆ ಬಿಲ್ಲಿಗಲ್ಲ. ಅದೂ ಕಾರು ಯಾರ ಹೆಸರಿನಲ್ಲಿದೆಯೋ ಅವರಿಗೆ, ಅವರ ಹತ್ತಿರ ಲೈಸೆನ್ಸ್ ಇದ್ದರೆ. ಕಾರು ನಿಮ್ಮ ಹೆಸರಿನಲ್ಲಿದ್ದು ಓಡಿಸುವವರು ಯಜಮಾನರಾದರೆ ಅವರಿಗೆ ಈ ಹಣ ಬರುವುದಿಲ್ಲ. ನಿಮಗೆ ಲೈಸೆನ್ಸ್ ಇಲ್ಲದಿದ್ದರೆ ನಿಮಗೂ ಬರುವುದಿಲ್ಲ. ಅಂಥ ಮನೆಯವರು ಓಡಿಸುವವರ ಹೆಸರಿಗೆ ಬೇರೆ ಅಪಘಾತ ವಿಮೆ ಮಾಡಿಸುವುದು ಒಳ್ಳೆಯದು.

ಕಂತಿನ ಲೆಕ್ಕ ಹೀಗೆ

ಥರ್ಡ್ ಪಾರ್ಟಿ ದರವನ್ನು ಸರ್ಕಾರವೇ ಗೊತ್ತುಮಾಡುತ್ತದೆ. ಯಾವ ಕಂಪನಿಗೆ ಹೋದರೂ ಅಷ್ಟೇ. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ ವರ್ಷಕ್ಕೆ 1000 ಸಿ.ಸಿ.ವರೆಗಿನ ಕಾರಿಗೆ 2,094 ರೂ., 1500 ಸಿ.ಸಿ.ವರೆಗೆ 3,416 ರೂ., ಅದಕ್ಕಿಂತ ದೊಡ್ಡದಕ್ಕೆ 7,897 ರೂ. ಇದೆ. ದರ ಪರಿಷ್ಕರಣೆ ಆಗುತ್ತಿರುತ್ತದೆ, ಕಟ್ಟುವಾಗ ವಿಚಾರಿಸಿ. ಹೊಸ ಕಾರಿಗೆ 2018ರ ಸೆಪ್ಟೆಂಬರಿನಿಂದ ಮೂರು ವರ್ಷದ ಥರ್ಡ್ ಪಾರ್ಟಿಯನ್ನು ಒಟ್ಟಿಗೇ ಕಟ್ಟಬೇಕು.

ನಮ್ಮ ಕಾರಿನ ಹಾನಿಯ ಭಾಗಕ್ಕೆ ಮಾತ್ರ 2007ರಿಂದ ಕಂಪನಿಗೊಂದು ದರ. ಚೌಕಾಸಿಗೆ ಜಾಗ ಇರುವುದು ಇಲ್ಲಿ. ಕಾರಿನ ಬೆಲೆ, ವಯಸ್ಸು, ಎಂಜಿನ್, ನೋಂದಣಿಯಾದ ಊರು ಎಲ್ಲ ಇದರಲ್ಲಿ ಲೆಕ್ಕಕ್ಕೆ ಬರುತ್ತವೆ. ಬೆಂಗಳೂರಿನಂಥ ಮಹಾನಗರಗಳು ಒಂದು ವಲಯ, ನಮ್ಮಂಥ ಊರುಗಳು ಇನ್ನೊಂದು. ನಮ್ಮದರಲ್ಲಿ ದರ ಕೊಂಚ ಕಡಿಮೆ.

ಪಾಲಿಸಿಯಲ್ಲಿ 'ಐಡಿವಿ' ಎಂಬ ಮೂರಕ್ಷರ ಹುಡುಕಿ. ಕಾರು ಕಳುವಾದರೆ, ಪೂರ್ತಿ ಹಾಳಾದರೆ ಸಿಗುವ ಹಣ ಅದು. ಒಂದು ವರ್ಷ ದಾಟಿದ ಕಾರಿಗೆ ಶೇಕಡಾ 20, ಎರಡು ದಾಟಿದರೆ 30, ಮೂರು ದಾಟಿದರೆ 40, ನಾಲ್ಕು ದಾಟಿದರೆ 50 ಎಂದು ಬೆಲೆ ಇಳಿಸುವುದು ರೂಢಿ. ಕಂತು ಕಡಿಮೆ ಮಾಡಿಕೊಡುತ್ತೇವೆಂದು ಯಾರಾದರೂ ಐಡಿವಿಯನ್ನು ಇನ್ನೂ ಇಳಿಸಿದರೆ ಒಪ್ಪಬೇಡಿ. ನಷ್ಟವಾದಾಗ ಕೈಗೆ ಬರುವುದೂ ಅಷ್ಟೇ.

ಒಂದು ಮಾದರಿ ಲೆಕ್ಕ ನೋಡೋಣ. 7 ಲಕ್ಷದ, 1200 ಸಿ.ಸಿ. ಕಾರು, ಮೂರು ವರ್ಷ ತುಂಬಿದೆ. ಐಡಿವಿ 4,20,000 ರೂ. ಸ್ವಂತ ಹಾನಿಯ ಕಂತು 8,000 ಎಂದಿಟ್ಟುಕೊಳ್ಳಿ. ಮೂರು ವರ್ಷ ಕ್ಲೇಮ್ ಮಾಡದಿದ್ದುದಕ್ಕೆ ಶೇಕಡಾ 35 ರಿಯಾಯಿತಿ, ಅಂದರೆ 2,800 ಕಳೆದು 5,200. ಥರ್ಡ್ ಪಾರ್ಟಿ 3,416. ಮಾಲೀಕರ ಅಪಘಾತ ವಿಮೆಗೆ 384 ಎನ್ನೋಣ. ಒಟ್ಟು 9,000. ಶೇಕಡಾ 18 ಜಿ.ಎಸ್.ಟಿ. 1,620 ಸೇರಿ 10,620 ರೂ.

ಸಣ್ಣ ಗೀರಿಗೆ ಕ್ಲೇಮ್ ಬೇಕೆ?

ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿಗೆ 'ನೋ ಕ್ಲೇಮ್ ಬೋನಸ್' ಎನ್ನುತ್ತಾರೆ. ವರ್ಷದಿಂದ ವರ್ಷಕ್ಕೆ ಅದು ಶೇಕಡಾ 20, 25, 35, 45, 50 ಹೀಗೆ ಏರುತ್ತದೆ. ಒಂದು ಸಲ ಕ್ಲೇಮ್ ಮಾಡಿದರೆ ಮತ್ತೆ ಸೊನ್ನೆಯಿಂದ ಶುರು.

ಮೇಲಿನ ಕಾರಿನ ಪ್ಲಾಸ್ಟಿಕ್ ಬಂಪರ್ ಒಡೆಯಿತು, ಬೆಲೆ 8,000 ಎನ್ನಿ. ಪ್ಲಾಸ್ಟಿಕ್, ರಬ್ಬರ್, ಬ್ಯಾಟರಿ, ಟೈರುಗಳಿಗೆ ಸವಕಳಿಯೆಂದು ಕಂಪನಿ ಅರ್ಧ ಕಳೆಯುತ್ತದೆ. ಉಳಿದ 4,000ದಲ್ಲಿ ಪ್ರತಿ ಕ್ಲೇಮಿಗೂ ನಾವು ಕೈಯಿಂದ ಹಾಕಲೇಬೇಕಾದ 1,000 ಕಳೆದರೆ ಬರುವುದು 3,000. (1500 ಸಿ.ಸಿ. ಮೀರಿದ ಕಾರಿಗೆ ಈ ಕೈಹಣ 2,000.) ಮುಂದಿನ ವರ್ಷ ಸಿಗಬೇಕಾಗಿದ್ದ ಶೇಕಡಾ 45ರ ರಿಯಾಯಿತಿ, ಅಂದರೆ 8,000ಕ್ಕೆ 3,600, ಹೋಯಿತು. ಮೂರು ಸಾವಿರ ತೆಗೆದುಕೊಂಡು ಮೂರೂವರೆ ಕಳೆದುಕೊಂಡ ಹಾಗಾಯಿತಲ್ಲ! ಸಣ್ಣಪುಟ್ಟದನ್ನು ಕೈಯಿಂದಲೇ ಮಾಡಿಸಿ, ವಿಮೆಯನ್ನು ದೊಡ್ಡ ಏಟಿಗೆ ಇಟ್ಟುಕೊಳ್ಳಿ.

ಈ ಬೋನಸ್ ಕಾರಿನದಲ್ಲ, ಮಾಲೀಕರದು. ಹಳೇ ಕಾರು ಮಾರಿ ಹೊಸದು ಕೊಂಡಾಗ ಅದನ್ನು ಹೊಸ ಕಾರಿಗೆ ಹಾಕಿಸಿಕೊಳ್ಳಬಹುದು. ಷೋರೂಮಿನವರು ತಾವಾಗಿ ಹೇಳದಿದ್ದರೂ ನೀವೇ ಕೇಳಿ.

ಮೇಲಿನ ಸೇರ್ಪಡೆಗಳು

ಷೋರೂಮಿನ ಹುಡುಗ ಹತ್ತು ಹೆಸರು ಹೇಳುತ್ತಾನೆ. ಎಲ್ಲವೂ ಬೇಕಾಗಿಲ್ಲ.

ಸವಕಳಿ ರಹಿತ (ಬಂಪರ್ ಟು ಬಂಪರ್): ಮೇಲೆ ಹೇಳಿದ ಅರ್ಧ ಕಡಿತ ಇದರಲ್ಲಿ ಇಲ್ಲ. ಕಾರು ಹೊಸದಿರುವ ಮೊದಲ ಐದು ವರ್ಷ, ಅದರಲ್ಲೂ ಮನೆಯಲ್ಲಿ ಹೊಸದಾಗಿ ಕಲಿತು ಓಡಿಸುವವರಿದ್ದರೆ, ಇರಲಿ.

ಎಂಜಿನ್ ರಕ್ಷಣೆ: ನೀರು ನುಗ್ಗಿ ಎಂಜಿನ್ ಕೆಟ್ಟರೆ ಸಾಮಾನ್ಯ ಪಾಲಿಸಿಯಲ್ಲಿ ಸಿಗುವುದು ಕಷ್ಟ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬಡಾವಣೆಗಳಲ್ಲಿ ಕಾರುಗಳು ಮುಳುಗಿದ್ದು ನೆನಪಿರಬಹುದು. ಕರಾವಳಿ, ಮಲೆನಾಡು, ನದಿ ದಡದ ಊರಿನವರಿಗೆ ಇದು ಬೇಕು. ನೀರಿನಲ್ಲಿ ನಿಂತ ಕಾರನ್ನು ಮಾತ್ರ ಸ್ಟಾರ್ಟ್ ಮಾಡಲೇಬೇಡಿ, ಎಳೆಸಿಕೊಂಡು ಹೋಗಿ.

ಸಂಬಳದ ಡ್ರೈವರ್: ವರ್ಷಕ್ಕೆ 50 ರೂಪಾಯಿ ಅಷ್ಟೇ. ಡ್ರೈವರ್ ಇಟ್ಟುಕೊಂಡವರು ಮರೆಯದೆ ಸೇರಿಸಿ.

ಹಾಗಾದರೆ ಯಾವುದು ಮಾಡಿಸೋದು? ಹೊಸ ಕಾರಾದರೆ ಪ್ಯಾಕೇಜ್ ಪಾಲಿಸಿ, ಸವಕಳಿ ರಹಿತ ಸಮೇತ. ಐದಾರು ವರ್ಷದ ಕಾರಾದರೆ ಸೇರ್ಪಡೆ ಬಿಟ್ಟು ಬರೀ ಪ್ಯಾಕೇಜ್ ಸಾಕು. ತೀರಾ ಹಳೆಯ ಕಾರಿಗೂ, ಮನೆಮಂದಿ ಕೂರುವುದಾದರೆ ಪ್ಯಾಕೇಜೇ ಸರಿ. ಕಾರಿನ ಬೆಲೆ ಕಡಿಮೆಯಾದಂತೆ ಅದರ ಕಂತೂ ಇಳಿದಿರುತ್ತದೆ.

ಇವನ್ನು ಮರೆಯಬೇಡಿ

* ಪಾಲಿಸಿ ಮುಗಿಯುವ ತಾರೀಖನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಒಂದು ದಿನ ತಪ್ಪಿದರೂ ಆ ದಿನ ವಿಮೆ ಇಲ್ಲ. 90 ದಿನ ಮೀರಿದರೆ ಬೋನಸ್ಸೂ ಹೋಗುತ್ತದೆ.
* ಲೈಸೆನ್ಸ್ ಇಲ್ಲದ ಮಗನ ಕೈಗೆ "ಇಲ್ಲೇ ಅಂಗಡಿಗೆ ತಾನೆ" ಎಂದು ಕೀ ಕೊಡಬೇಡಿ.
* ಮನೆ ಕಾರನ್ನು ಬಾಡಿಗೆಗೆ ಬಿಡಬೇಡಿ. ಆಗ ಹಾನಿಯಾದರೆ ಕಂಪನಿ ಕೊಡುವುದಿಲ್ಲ.
* ಹಳೇ ಕಾರು ಕೊಂಡವರು 14 ದಿನದೊಳಗೆ ವಿಮೆಯನ್ನು ತಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಿ.
* ಅಪಘಾತವಾದರೆ ಮೊದಲು ಫೋಟೋ ತೆಗೆದು ಕಂಪನಿಗೆ ತಿಳಿಸಿ. ಸರ್ವೇಯರ್ ನೋಡುವ ಮುಂಚೆ ರಿಪೇರಿಗೆ ಕೈ ಹಾಕಿಸಬೇಡಿ. ಕಳುವಾದರೆ ತಕ್ಷಣ ಪೊಲೀಸ್ ದೂರು.
* ಕಂಪನಿ ಸತಾಯಿಸಿದರೆ ಮೊದಲು ಕಂಪನಿಗೇ ಲಿಖಿತ ದೂರು ಕೊಡಿ. ಪ್ರಾಧಿಕಾರದ 155255 ಸಂಖ್ಯೆಗೂ ಫೋನ್ ಮಾಡಬಹುದು. ಆಮೇಲೂ ಆಗದಿದ್ದರೆ ಬೆಂಗಳೂರಿನಲ್ಲಿ ವಿಮಾ ಓಂಬುಡ್ಸ್‌ಮನ್ ಕಚೇರಿ ಇದೆ. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಇವತ್ತು ಮಧ್ಯಾಹ್ನ ಕೆಲಸ ಮುಗಿದ ಮೇಲೆ ಬೀರುವಿನಿಂದ ಆ ಕಾಗದ ತೆಗೆಯಿರಿ. ಅದು ಪ್ಯಾಕೇಜೋ ಬರೀ ಥರ್ಡ್ ಪಾರ್ಟಿಯೋ, ಐಡಿವಿ ಎಷ್ಟು, ಬೋನಸ್ ಎಷ್ಟು, ಮುಗಿಯುವುದು ಎಂದು, ಈ ನಾಲ್ಕನ್ನು ಒಂದು ಚೀಟಿಯಲ್ಲಿ ಬರೆದಿಡಿ. ಸಂಜೆ ಯಜಮಾನರು ಬಂದಾಗ ಕಾಫಿ ಕೊಟ್ಟು ಚೀಟಿಯನ್ನೂ ಮುಂದಿಡಿ.