ದಾಳಿಂಬೆ ಸಿಪ್ಪೆ ಮತ್ತು ಕರುಳಿನ ಹುಣ್ಣು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯ ಮನೆಗಳಲ್ಲಿ ಭೇದಿಗೆ ಮೊದಲ ಮದ್ದು ಅಡುಗೆಮನೆಯದೇ. ಒಣಗಿದ ದಾಳಿಂಬೆ ಸಿಪ್ಪೆಯನ್ನು ಅರೆದು ಮಜ್ಜಿಗೆಯಲ್ಲಿ ಕದಡಿ ಕೊಡುವುದನ್ನು ನಾನು ಬಾಲ್ಯದಿಂದ ಕಂಡಿದ್ದೇನೆ. ಕೊರಟಗೆರೆಯ ಸಿದ್ಧರಬೆಟ್ಟದ ಗಿಡಮೂಲಿಕೆಗಳ ಮೇಲೆ ಜನರಿಗಿರುವ ನಂಬಿಕೆಯೂ ಹಳೆಯದು. ಸಾಮಾನ್ಯ ಭೇದಿ ಇದರಿಂದಲೋ ತಾನಾಗಿಯೋ ನಿಲ್ಲುತ್ತದೆ. ಆದರೆ ವಾರಗಟ್ಟಲೆ ರಕ್ತ, ಲೋಳೆ ಬೀಳುತ್ತಿದ್ದರೆ ಅದು ಅಲ್ಸರೇಟಿವ್ ಕೊಲೈಟಿಸ್ ಅಥವಾ ಕ್ರೋನ್ಸ್ ಕಾಯಿಲೆ ಆಗಿರಬಹುದು. ರೋಗನಿರೋಧಕ ವ್ಯವಸ್ಥೆಯೇ ಕರುಳಿನ ಮೇಲೆ ತಿರುಗಿಬಿದ್ದು ಹುಣ್ಣು ಮಾಡುವ, ಮತ್ತೆ ಮತ್ತೆ ಮರುಕಳಿಸುವ ಈ ಉರಿಯೂತವನ್ನು ಔಷಧದಿಂದ ಹತೋಟಿಯಲ್ಲಿಡಬಹುದೇ ಹೊರತು ಬೇರುಸಹಿತ ಕಿತ್ತೊಗೆಯಲಾಗದು.

ಹಾಗಾದರೆ ಸಿಪ್ಪೆಯ ಮದ್ದು ಬರಿಯ ನಂಬಿಕೆಯೇ? ಹಾಗೆನ್ನುವಂತಿಲ್ಲ. ದಾಳಿಂಬೆಯ ಎಲ್ಲಾಜಿಟ್ಯಾನಿನ್ ಎಂಬ ಒಗರು ಸಂಯುಕ್ತಗಳನ್ನು ಕರುಳಿನ ಬ್ಯಾಕ್ಟೀರಿಯಗಳು ‘ಯುರೋಲಿಥಿನ್ ಎ’ ಆಗಿ ಮಾರ್ಪಡಿಸುತ್ತವೆ. ಇದು ಇಲಿಗಳಲ್ಲಿ ಉರಿಯೂತವನ್ನು ತಗ್ಗಿಸುವುದಲ್ಲದೆ, ಕರುಳಗೋಡೆಯ ಜೀವಕೋಶಗಳ ನಡುವಿನ ಬೆಸುಗೆಯನ್ನೂ ಬಿಗಿಗೊಳಿಸುತ್ತದೆಂದು ಅಮೆರಿಕದ ಲೂಯಿವಿಲ್ ವಿಶ್ವವಿದ್ಯಾಲಯ ಮತ್ತು ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯ ವಿಜ್ಞಾನಿಗಳು 2019ರಲ್ಲಿ ತೋರಿಸಿದರು. ಆದರೆ ಅವರು ಇಲಿಗೆ ಕೊಟ್ಟದ್ದು ಶುದ್ಧ ಸಂಯುಕ್ತವನ್ನು, ಸಿಪ್ಪೆಯನ್ನಲ್ಲ. ಮೇಲಾಗಿ ಅದನ್ನು ತಯಾರಿಸಬಲ್ಲ ಬ್ಯಾಕ್ಟೀರಿಯಗಳು ಎಲ್ಲರ ಕರುಳಿನಲ್ಲೂ ಇರುವುದಿಲ್ಲ.

ಅರಿಶಿನದ ಕುರ್ಕುಮಿನ್ ಇದಕ್ಕಿಂತ ಒಂದು ಹೆಜ್ಜೆ ಮುಂದಿದೆ. 2015ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಮೆಸಲಮೈನ್ ಮಾತ್ರೆಯಿಂದ ಸಾಕಷ್ಟು ಗುಣ ಕಾಣದ 50 ಕೊಲೈಟಿಸ್ ರೋಗಿಗಳನ್ನು ಆರಿಸಲಾಗಿತ್ತು. ಮಾತ್ರೆಯ ಜೊತೆಗೆ ದಿನಕ್ಕೆ 3 ಗ್ರಾಂ ಕುರ್ಕುಮಿನ್ ಪಡೆದ 26 ಮಂದಿಯಲ್ಲಿ 14 ಮಂದಿಗೆ ನಾಲ್ಕು ವಾರಗಳಲ್ಲಿ ರೋಗ ಶಮನವಾಯಿತು. ಹುಸಿಮದ್ದು ಪಡೆದ 24 ಮಂದಿಯಲ್ಲಿ ಒಬ್ಬರಿಗೂ ಆಗಲಿಲ್ಲ. ಆದರೆ 2017ರಲ್ಲಿ ವರದಿಯಾದ ದೆಹಲಿಯ ಏಮ್ಸ್ ಪರೀಕ್ಷೆಯಲ್ಲಿ ದಿನಕ್ಕೆ 450 ಮಿಲಿಗ್ರಾಂ ಕುರ್ಕುಮಿನ್ ಕೊಟ್ಟಾಗ ಹೆಚ್ಚಿನ ಪ್ರಯೋಜನ ಕಾಣಲಿಲ್ಲ. ಅರಿಶಿನದಲ್ಲಿ ಕುರ್ಕುಮಿನ್ ಇರುವುದು ನೂರಕ್ಕೆ ಮೂರು ಪಾಲಿನಷ್ಟು. ಹೀಗಾಗಿ 3 ಗ್ರಾಂ ಬೇಕೆಂದರೆ ದಿನಕ್ಕೆ ನೂರು ಗ್ರಾಂ ಅರಿಶಿನ ನುಂಗಬೇಕು! ಸಾರಿನ ಚಿಟಿಕೆ ಅರಿಶಿನ ಔಷಧವಾಗದು.

ಸಸ್ಯಜನ್ಯವೆಂದ ಮಾತ್ರಕ್ಕೆ ನಿರಪಾಯವೂ ಅಲ್ಲ. ನೀಲಿ ಗಿಡಗಳಿಂದ ತೆಗೆವ ಚೀನಾದ ‘ಚಿಂಗ್‌ಡೈ’ ಪುಡಿ ಜಪಾನಿನಲ್ಲಿ ಕೊಲೈಟಿಸ್ ರೋಗಿಗಳಿಗೆ ಗಮನಾರ್ಹ ಗುಣ ಕೊಟ್ಟಿತು. ಆದರೆ ಅದನ್ನು ಸೇವಿಸಿದ ಕೆಲವರಲ್ಲಿ ಶ್ವಾಸಕೋಶದ ರಕ್ತನಾಳಗಳ ಒತ್ತಡ ಅಪಾಯಕಾರಿಯಾಗಿ ಏರಿದ್ದರಿಂದ 2016ರಲ್ಲಿ ಅಲ್ಲಿನ ಸರ್ಕಾರವೇ ಎಚ್ಚರಿಕೆ ನೀಡಬೇಕಾಯಿತು.

ನನ್ನ ಆತಂಕವಿರುವುದು ಇಲ್ಲಿಯೇ. ಈ ಕಾಯಿಲೆ ನಡುನಡುವೆ ತಾನಾಗಿ ತಗ್ಗುತ್ತದೆ. ಆಗ ಸೊಪ್ಪಿನ ರಸವೇ ಗುಣಪಡಿಸಿತೆಂದು ನಂಬಿ ಮಾತ್ರೆ ಬಿಟ್ಟವರ ಕರುಳಿನೊಳಗೆ ಉರಿಯೂತ ಸದ್ದಿಲ್ಲದೆ ಮುಂದುವರಿಯಬಹುದು. ವರ್ಷಗಳು ಉರುಳಿದಂತೆ ದೊಡ್ಡಕರುಳಿನ ಕ್ಯಾನ್ಸರಿನ ಅಪಾಯವೂ ಹೆಚ್ಚುತ್ತದೆ. ಪಾವಗಡದ ಕೂಲಿಕಾರನೊಬ್ಬ ದಿನದ ಸಂಪಾದನೆ ಬಿಟ್ಟು ತುಮಕೂರಿಗೋ ಬೆಂಗಳೂರಿಗೋ ಹೋಗಿ ಕೊಲೊನೊಸ್ಕೋಪಿ ಮಾಡಿಸಿಕೊಳ್ಳುವುದು ಸುಲಭವಲ್ಲ. ಆ ಕಷ್ಟವೇ ಅವನನ್ನು ಸೊಪ್ಪಿನ ರಸದತ್ತ ತಳ್ಳುತ್ತದೆ. ಮಲದಲ್ಲಿನ ಕ್ಯಾಲ್‌ಪ್ರೊಟೆಕ್ಟಿನ್ ಅಳೆಯುವ ಸರಳ ಪರೀಕ್ಷೆ ತಾಲ್ಲೂಕು ಆಸ್ಪತ್ರೆಗಳಲ್ಲೇ ದೊರೆತರೆ, ಯಾರನ್ನು ದೊಡ್ಡ ಆಸ್ಪತ್ರೆಗೆ ಕಳುಹಿಸಬೇಕೆಂಬುದು ಬೇಗ ತಿಳಿಯುತ್ತದೆ. ದಾಳಿಂಬೆ ಬೆಳೆಯುವ ಈ ನಾಡಿನ ಸಿಪ್ಪೆ ಪ್ರಯೋಗಾಲಯಕ್ಕೆ ಹೋಗಲಿ, ಅದರ ಗುಣ ರುಜುವಾತಾಗಲಿ. ಅಲ್ಲಿಯವರೆಗೆ ಮಜ್ಜಿಗೆಯ ಲೋಟ ಮಾತ್ರೆಯ ಪಕ್ಕದಲ್ಲಿ, ವೈದ್ಯರಿಗೆ ತಿಳಿದಂತೆ ಇರಲಿ. ಮಾತ್ರೆಯ ಜಾಗದಲ್ಲಿ ಬೇಡ.